15,000 ರೂಪಾಯಿಯೊಳಗೆ ಕಂಪ್ಯೂಟರ್ ರೇಸಿಂಗ್ ಗೇಮ್‌ಗೆ ಯಾವ ಸ್ಟೀರಿಂಗ್ ವೀಲ್ ತಗೊಳ್ಳಲಿ?

ಮಂಡ್ಯದಿಂದ ನೀವು ಕೇಳಿರುವುದು ಇಷ್ಟು. ಮನೆಯಲ್ಲಿ ಕಂಪ್ಯೂಟರ್ ಇದೆ, ಅಸೆಟೊ ಕೋರ್ಸಾ ಮತ್ತು ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುತ್ತೀರಿ, ಕೈಯಲ್ಲಿ 15,000 ಇದೆ. 6,000ಕ್ಕೆ ಸಿಗುವ ವೀಲ್ ಸಾಕಾ, ಇಲ್ಲ ಇನ್ನಷ್ಟು ದುಡ್ಡು ಕೂಡಿಸಬೇಕಾ?

ಕೂಡಿಸಿ. ಇಲ್ಲವೇ ಸೆಕೆಂಡ್ ಹ್ಯಾಂಡ್ ಹುಡುಕಿ. 6,000ದ ವೀಲ್ ಮಾತ್ರ ದಯವಿಟ್ಟು ಬೇಡ.

ನಾನು ಮೈಸೂರಿನವನು, ಸರಸ್ವತಿಪುರಂನಲ್ಲಿ ಮನೆ. ಮೊದಲು ತಗೊಂಡಿದ್ದು ಅಂಥದ್ದೇ ಒಂದು. ಎರಡು ತಿಂಗಳಾದ ಮೇಲೆ ಬಿಚ್ಚಿ ನೋಡಿದೆ. ಒಳಗೆ ಎರಡೂ ಕಡೆಗೆ ಎಳೆದು ಕಟ್ಟಿದ ಒಂದು ರಬ್ಬರ್ ಹಗ್ಗ, ಪಕ್ಕದಲ್ಲಿ ಗುರ್ ಅಂತ ನಡುಗುವ ಒಂದು ಪುಟ್ಟ ಮೋಟಾರ್. ಅಷ್ಟೇ. ಕಾರು ನಿಂತಿರಲಿ, ಇನ್ನೂರರಲ್ಲಿ ಓಡುತ್ತಿರಲಿ, ಟೈರ್ ಜಾರುತ್ತಿರಲಿ, ಆ ಹಗ್ಗ ಎಳೆಯುವುದು ಒಂದೇ ಥರ. ಅದರಿಂದ ಕೈಗೆ ಏನೂ ಗೊತ್ತಾಗುವುದಿಲ್ಲ.

ನಿಮಗೆ ಬೇಕಾದದ್ದು ಫೋರ್ಸ್ ಫೀಡ್‌ಬ್ಯಾಕ್ ಇರುವ ವೀಲ್. ಪೆಟ್ಟಿಗೆ ಮೇಲೆ 'ವೈಬ್ರೇಷನ್' ಅಂತ ಬರೆದಿದ್ದರೆ ಅದು ಬೇರೆ, ಮೋಸ ಹೋಗಬೇಡಿ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾರು ತಿರುಗಿಸಿ ಕೈ ಸ್ವಲ್ಪ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಬರುತ್ತದೆ, ಅಲ್ವಾ? ಮುಂದಿನ ಟೈರ್‌ಗಳು ರಸ್ತೆಯನ್ನು ಹಿಡಿದಿವೆ ಅನ್ನುವುದು ಕೈಗೆ ಗೊತ್ತಾಗುವುದೇ ಆ ಎಳೆತದಿಂದ. ಹಿಡಿತ ಮುಗಿಯುತ್ತಾ ಬಂದಾಗ ಆ ಭಾರ ಕಡಿಮೆಯಾಗುತ್ತದೆ. ಕಾರು ಜಾರುವುದಕ್ಕೆ ಸ್ವಲ್ಪ ಮೊದಲೇ ಸ್ಟೀರಿಂಗ್ ಹಗುರವಾಗುತ್ತದೆ. ಗೇಮ್ ಈ ಲೆಕ್ಕವನ್ನೆಲ್ಲ ಮಾಡಿ ವೀಲ್ ಒಳಗಿನ ಮೋಟಾರ್‌ಗೆ ಕಳಿಸುತ್ತದೆ. ಮೊದಲ ಸಲ ಅದು ನನ್ನ ಬೆರಳಿಗೆ ಸಿಕ್ಕಿದ ದಿನ ಈಗಲೂ ನೆನಪಿದೆ. ಹಿಂದಿನ ಟೈರ್ ಜಾರಿತು, ನಾನು ಯೋಚನೆ ಮಾಡುವ ಮೊದಲೇ ವೀಲ್ ಎದುರು ದಿಕ್ಕಿಗೆ ಎಳೆಯಿತು, ನಾನು ಸುಮ್ನೆ ಅದರ ಜೊತೆ ಹೋದೆ. ಕಾರು ನೇರವಾಯಿತು.

ಇನ್ನು ಯಾವುದು ಅನ್ನುವ ಮಾತು. 2015ರಲ್ಲಿ ಬಂದ ಲಾಜಿಟೆಕ್ ಜಿ29 ಹಳೆಯದಾದರೂ ನಿಮಗೆ ಅದನ್ನೇ ಹೇಳುತ್ತೇನೆ. 900 ಡಿಗ್ರಿ ತಿರುಗುತ್ತದೆ, ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಟ್ರಕ್ ಗೇಮ್‌ಗೆ ಇದು ಬೇಕೇ ಬೇಕು. 270 ಡಿಗ್ರಿ ವೀಲ್‌ನಲ್ಲಿ ಟ್ರಕ್ ರಿವರ್ಸ್ ತೆಗೆಯುವುದು ಹಿಂಸೆ. ಕ್ಲಚ್ ಸೇರಿ ಮೂರು ಪೆಡಲ್ ಬರುತ್ತವೆ. ಹೊಸದು ನಿಮ್ಮ ಬಜೆಟ್ ದಾಟುತ್ತದೆ, ಅದಕ್ಕೇ ಸೆಕೆಂಡ್ ಹ್ಯಾಂಡ್ ಅಂದಿದ್ದು. ಜಿ920 ಹೆಚ್ಚು ಕಡಿಮೆ ಅದೇ ವೀಲ್, ಎಕ್ಸ್‌ಬಾಕ್ಸ್‌ಗೆ ಮಾಡಿದ್ದು. ಕಂಪ್ಯೂಟರ್‌ಗೆ ಎರಡೂ ನಡೆಯುತ್ತವೆ. ಮುಂದೆ ಪ್ಲೇಸ್ಟೇಷನ್ ತಗೊಳ್ಳುವ ಆಸೆ ಇದ್ದರೆ ಮಾತ್ರ ಜಿ29 ಆಗಬೇಕು. ಥ್ರಸ್ಟ್‌ಮಾಸ್ಟರ್ ಟಿ248 ಕಂಡರೆ ಅದನ್ನೂ ನೋಡಿ. ಅದು ಜಿ29ಗಿಂತ ಸ್ವಲ್ಪ ಗಟ್ಟಿಯಾಗಿ ಎಳೆಯುತ್ತದೆ, ಪೆಡಲ್‌ನಲ್ಲಿ ಮ್ಯಾಗ್ನೆಟ್ ಸೆನ್ಸರ್ ಇರುವುದರಿಂದ ಸವೆಯುವುದು ಕಡಿಮೆ. ಜಿ29ರಲ್ಲಿ ಗೇರ್ ಚಕ್ರಗಳು ಕಟಕಟ ಅನ್ನುತ್ತವೆ. ರಾತ್ರಿ ಆಡುವುದಾದರೆ ಪಕ್ಕದ ರೂಮಿನಲ್ಲಿ ಯಾರು ಮಲಗುತ್ತಾರೆ ಅಂತ ಯೋಚಿಸಿ. ಡೈರೆಕ್ಟ್ ಡ್ರೈವ್, ಅಂದರೆ ನಡುವೆ ಗೇರ್ ಚಕ್ರ ಇಲ್ಲದೆ ನೇರ ಮೋಟಾರ್‌ಗೇ ಕೂರಿಸಿದ ವೀಲ್, ಅದರ ವಿಷಯ ಈಗ ಬಿಟ್ಟುಬಿಡಿ. ತುಂಬಾ ಚೆನ್ನಾಗಿರುತ್ತದೆ, ನಿಜ. ಆದರೆ ನಿಮ್ಮ ದುಡ್ಡಿಗೂ ಮಾಮೂಲಿ ಟೇಬಲ್‌ಗೂ ಅದು ಹೊಂದುವುದಿಲ್ಲ.

ಎಲ್ಲರೂ ವೀಲ್ ಬಗ್ಗೆ ಕೇಳುತ್ತಾರೆ, ಬ್ರೇಕ್ ಬಗ್ಗೆ ಯಾರೂ ಕೇಳುವುದಿಲ್ಲ. ಸಮಯ ಉಳಿಯುವುದು ಕಾಲಿನಲ್ಲಿ. ಮೊಂಜಾ ಟ್ರ್ಯಾಕ್‌ನ ಉದ್ದನೆಯ ನೇರ ರಸ್ತೆ ಮುಗಿದ ಕೂಡಲೇ ಒಂದು ಬಿಗಿ ತಿರುವು ಬರುತ್ತದೆ. ಅಲ್ಲಿ ಬ್ರೇಕನ್ನು ಪೂರ್ತಿ ಒತ್ತಿ, ವೀಲ್ ತಿರುಗಿಸುತ್ತಾ ತಿರುಗಿಸುತ್ತಾ ಕಾಲನ್ನು ನಿಧಾನಕ್ಕೆ ಎತ್ತಬೇಕು. ನನಗೆ ಇದು ವಾರಗಟ್ಟಲೆ ಬರಲೇ ಇಲ್ಲ. ಕಾರಣ ನನ್ನ ಕಾಲಲ್ಲ, ನೆಲ. ನಮ್ಮದು ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಕನ್ನಡಿ ಥರ ನುಣುಪು. ಜೋರಾಗಿ ಒತ್ತಿದರೆ ಪೆಡಲ್ ಒಂದು ಗೇಣು ಮುಂದಕ್ಕೆ ಹೋಗುತ್ತಿತ್ತು, ಚಕ್ರದ ಕುರ್ಚಿ ಹಿಂದಕ್ಕೆ. ಪ್ರತಿ ಸಲ ಬೇರೆ ದೂರ, ಬೇರೆ ಒತ್ತಡ. ಕಾಲು ಏನು ಕಲಿಯಬೇಕು?

ಕೊನೆಗೆ ನಂಜುಮಳಿಗೆ ಹತ್ತಿರ ಒಬ್ಬ ಬಡಗಿ ಅಣ್ಣನಿಗೆ ಹೇಳಿ ಮುಕ್ಕಾಲು ಇಂಚಿನ ಪ್ಲೈವುಡ್ ಹಲಗೆ ಕೊಯ್ಯಿಸಿದೆ. ಒಂದು ತುದಿಗೆ ಪೆಡಲನ್ನು ಸ್ಕ್ರೂ ಹಾಕಿ ಕೂರಿಸಿದೆ. ಇನ್ನೊಂದು ತುದಿಯ ಮೇಲೆ ಊಟದ ಕುರ್ಚಿಯ ಮುಂದಿನ ಎರಡು ಕಾಲು. ಈಗ ನನ್ನ ಭಾರವೇ ಹಲಗೆಯನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಒತ್ತಿದರೂ ಕದಲುವುದಿಲ್ಲ. ನೀವು ವೀಲ್‌ಗೆ ದುಡ್ಡು ಎತ್ತಿಡುವಾಗಲೇ ಹಲಗೆಗೂ ಸ್ವಲ್ಪ ಎತ್ತಿಡಿ. ಟೇಬಲ್ ಗಾಜಿನದಾದರೆ ಅದಕ್ಕೆ ವೀಲ್ ಕೂರಿಸುವುದು ಬೇಡವೇ ಬೇಡ, ವೀಲ್ ಹಿಡಿದುಕೊಳ್ಳುವ ಕ್ಲ್ಯಾಂಪ್ ಬಿಗಿ ಮಾಡಿದರೆ ಒಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಜಿ29 ನೋಡಲು ಹೋದಾಗ ಕರೆಂಟ್ ಕೊಟ್ಟು, ಲ್ಯಾಪ್‌ಟಾಪ್‌ಗೆ ಹಾಕಿಸಿ ನೋಡಿ. ಹಾಕಿದ ತಕ್ಷಣ ಅದು ತಾನೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ನಡುವೆ ನಿಲ್ಲಬೇಕು. ಆಮೇಲೆ ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆಗೆದು ಒಂದೊಂದೇ ಪೆಡಲ್ ನಿಧಾನಕ್ಕೆ ಒತ್ತಿ. ಪರದೆಯ ಪಟ್ಟಿ ನುಣ್ಣಗೆ ಏರಬೇಕು. ಮಧ್ಯೆ ಮಧ್ಯೆ ಹಾರಿದರೆ ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರ್‌ಗೆ ಧೂಳು ಹಿಡಿದಿದೆ ಅಥವಾ ಅದು ಸವೆದಿದೆ ಅಂತ ಅರ್ಥ. ಅಡಾಪ್ಟರ್ ಅದರದ್ದೇನಾ ಕೇಳಿ. ಜಿ29ರ ಬ್ರೇಕ್ ತುಂಬಾ ಗಟ್ಟಿ ಅನ್ನಿಸಿದರೆ ಗಾಬರಿ ಬೇಡ, ಒಳಗೊಂದು ರಬ್ಬರ್ ತುಂಡು ಇರುವುದರಿಂದ ಹಾಗೆ. ನನಗಂತೂ ಅದೇ ಇಷ್ಟ. ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುತ್ತದೆ.

ಮನೆಗೆ ತಂದ ಮೇಲೆ ಗೇಮ್‌ನಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಪೂರ್ತಿ ಏರಿಸಬೇಡಿ. ಮೋಟಾರ್‌ನ ಶಕ್ತಿ ಮೀರಿದರೆ ಸಣ್ಣ ಎಳೆತ, ದೊಡ್ಡ ಎಳೆತ ಎಲ್ಲಾ ಒಂದೇ ಆಗಿಬಿಡುತ್ತದೆ. ನೀವು ಅಷ್ಟು ದುಡ್ಡು ಕೊಟ್ಟಿದ್ದೇ ಆ ವ್ಯತ್ಯಾಸಕ್ಕೆ.

ಒಳ್ಳೆಯದು ಸಿಗದಿದ್ದರೆ, ಕೂಡಿಸುವಷ್ಟು ತಾಳ್ಮೆಯೂ ಇಲ್ಲದಿದ್ದರೆ, ಒಂದು ಒಳ್ಳೆಯ ಎಕ್ಸ್‌ಬಾಕ್ಸ್ ಕಂಟ್ರೋಲರ್ ತಗೊಳ್ಳಿ. ರಬ್ಬರ್ ಹಗ್ಗದ ವೀಲ್‌ಗಿಂತ ಅದರಲ್ಲಿ ಕಾರು ಚೆನ್ನಾಗಿ ಮಾತು ಕೇಳುತ್ತದೆ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ದುಡ್ಡು ಕೊಡುವ ಮೊದಲು ಒಂದು ಭಾನುವಾರ ಬನ್ನಿ. ನಮ್ಮ ಮನೆಯ ಹಲಗೆ ಮೇಲೆ ಕುರ್ಚಿ ಹಾಕಿ ಕೂತು ಅರ್ಧ ಗಂಟೆ ಓಡಿಸಿ ನೋಡಿ.