ಓದುಗರ ಪ್ರಶ್ನೆ: ಚಿಪ್ ಹೇಳುವ ದೋಷ, ಕರ್ನೆಲ್ ತಿಳಿಯುವ ದೋಷ

ಪ್ರಶ್ನೆ: ಪೊನ್ನಂಪೇಟೆ ಸಮೀಪದ ನಮ್ಮ ತೋಟದ ಮನೆಯಿಂದಲೇ ನಾನು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದೇನೆ. ಟಿಪಿಎಂ ಎಂಬ ಭದ್ರತಾ ಚಿಪ್‌ನ ಡ್ರೈವರ್‌ಗೆ (ಚಿಪ್ಪನ್ನು ನಡೆಸುವ ತಂತ್ರಾಂಶ) ಸಹೋದ್ಯೋಗಿಯೊಬ್ಬರು ಬರೆದ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ನನ್ನ ಪರಿಶೀಲನೆಗೆ ಬಂದಿದೆ. ಚಿಪ್ ಕೊಡುವ ದೋಷಸಂಖ್ಯೆ ಧನಾತ್ಮಕವಾಗಿದ್ದರೆ ಅದಕ್ಕೆ ಋಣಚಿಹ್ನೆ ಹಾಕಿ ಹಿಂದಿರುಗಿಸಿದರೆ ಸಾಕೆಂದು ಅವರು ವಾದಿಸುತ್ತಾರೆ. ಒಪ್ಪಬಹುದೇ?
— ಓರ್ವ ಓದುಗರು, ದಕ್ಷಿಣ ಕೊಡಗು

ಉತ್ತರ: ದಯವಿಟ್ಟು ಒಪ್ಪಬೇಡಿ. ಇಲ್ಲಿರುವುದು ಎರಡು ಬೇರೆ ಬೇರೆ ಪಟ್ಟಿಗಳ ಸಂಖ್ಯೆಗಳು. ಚಿಹ್ನೆ ಬದಲಿಸಿದ ಮಾತ್ರಕ್ಕೆ ಒಂದರ ಅರ್ಥ ಇನ್ನೊಂದಕ್ಕೆ ಬರುವುದಿಲ್ಲ. ಕರ್ನೆಲ್‌ನಲ್ಲಿ ಋಣ 1 ಎಂದರೆ ಅನುಮತಿ ಇಲ್ಲ, ಋಣ 5 ಎಂದರೆ ಸಾಧನದೊಡನೆ ಓದು-ಬರಹ ವಿಫಲ, ಋಣ 12 ಎಂದರೆ ಮೆಮೊರಿ ಸಾಲದು. ಟಿಪಿಎಂ ತನ್ನ ಪ್ರತಿ ಉತ್ತರದ ಮೊದಲ 10 ಬೈಟ್‌ಗಳ ಪೈಕಿ ಕೊನೆಯ 4ರಲ್ಲಿ ಇಡುವ ಸಂಖ್ಯೆ ಅದರದೇ ಪಟ್ಟಿಗೆ ಸೇರಿದ್ದು. ಹಳೆಯ 1.2 ಆವೃತ್ತಿಯಲ್ಲಿ 1 ಎಂದರೆ ದೃಢೀಕರಣ ವಿಫಲ. ಅದಕ್ಕೆ ಋಣಚಿಹ್ನೆ ಹಾಕಿದರೆ ‘ಅನುಮತಿ ಇಲ್ಲ’ ಎಂದಾಗಿ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ನಿಮ್ಮ ಸಹೋದ್ಯೋಗಿಗೆ ಧೈರ್ಯ ಬಂದದ್ದು ಬಹುಶಃ ಈ ಕಾಕತಾಳೀಯದಿಂದಲೇ. ಅದೇ ಪಟ್ಟಿಯ 2 ಎಂದರೆ ಸೂಚ್ಯಂಕ ತಪ್ಪು, ಆದರೆ ಕರ್ನೆಲ್‌ನ 2 ಎಂದರೆ ಅಂಥ ಕಡತವೇ ಇಲ್ಲ. ಇನ್ನು 2.0 ಆವೃತ್ತಿಯಲ್ಲಿ ‘ಮತ್ತೆ ಪ್ರಯತ್ನಿಸು’ ಎಂಬುದರ ಸಂಖ್ಯೆ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆ) 922, ದಶಮಾಂಶದಲ್ಲಿ 2338. ಋಣ 2338 ಎಂಬ ದೋಷ ಕರ್ನೆಲ್‌ನ ಪಟ್ಟಿಯಲ್ಲಿಯೇ ಇಲ್ಲದ ಕಾರಣ, ಬಳಕೆದಾರರಿಗೆ ಅದು ‘ಅಪರಿಚಿತ ದೋಷ’ ಎಂದಷ್ಟೇ ಕಾಣುತ್ತದೆ.

ಹಾಗೆಂದು ಧನಸಂಖ್ಯೆಯನ್ನು ಇದ್ದಂತೆಯೇ ಮೇಲಕ್ಕೆ ಬಿಡುವುದು ಇನ್ನೂ ಅಪಾಯಕರ. ತೋಟದ ಮಳೆ ಪುಸ್ತಕವನ್ನು ನೆನೆಯಿರಿ: ಇಂಚು, ಸೆಂಟು ಬರೆಯುವ ಅಂಕಣದಲ್ಲಿಯೇ, ಮಳೆಮಾಪಕ ಕೆಟ್ಟ ದಿನ ರೈಟರು (ತೋಟದ ಗುಮಾಸ್ತರು) ಅದರ ದುರಸ್ತಿಯ ರಸೀದಿ ಸಂಖ್ಯೆಯನ್ನು ಬರೆದಿಟ್ಟರೆ, ವರ್ಷದ ಕೊನೆಯಲ್ಲಿ ಕೂಡುವವರಿಗೆ ಅದೂ ಮಳೆಯೇ ಆಗುತ್ತದೆ. ಚಿಪ್‌ನಿಂದ ಯಾದೃಚ್ಛಿಕ ಬೈಟ್‌ಗಳನ್ನು ಪಡೆಯುವ ಕಾರ್ಯದಲ್ಲಿ ಹಿಂದಿರುಗುವ ಧನಸಂಖ್ಯೆಯ ಅರ್ಥ ‘ಇಷ್ಟು ಬೈಟ್ ಸಿಕ್ಕಿತು’ ಎಂದು. ಅಲ್ಲಿಗೆ 2338 ಸೋರಿ ಬಂದರೆ, ಒಂದು ಬೈಟೂ ಸಿಗದಿರುವಾಗ 2338 ಬೈಟ್ ಸಿಕ್ಕಿವೆಯೆಂದು ಕರೆದವರು ನಂಬುತ್ತಾರೆ, ಆ ನಂಬಿಕೆಯ ಮೇಲೆ ಗೂಢಲಿಪಿಯ ಕೀಲಿಗಳು ತಯಾರಾಗಬಹುದು. ಈ ಕಾರಣಕ್ಕೇ ಕರ್ನೆಲ್‌ನ ಆ ಭಾಗ ಚಿಪ್‌ನ ಧನಸಂಖ್ಯೆಯನ್ನು ಋಣ 5 ಆಗಿಸಿಯೇ ಕಳುಹಿಸುತ್ತದೆ. ದೋಷವನ್ನು ಪಾಯಿಂಟರ್‌ನೊಳಗೆ (ಮೆಮೊರಿಯ ವಿಳಾಸ ಇಡುವ ಜಾಗ) ಅಡಗಿಸಿ ಕಳುಹಿಸುವ ಕಡೆಗಳಲ್ಲಿಯೂ ಇದೇ ತೊಂದರೆ: ಋಣ 1ರಿಂದ ಋಣ 4095ರ ವರೆಗಿನ ಮೌಲ್ಯಗಳನ್ನು ಮಾತ್ರ ಕರ್ನೆಲ್ ದೋಷವೆಂದು ಗುರುತಿಸುವುದರಿಂದ, ಧನಸಂಖ್ಯೆ ನಿಜವಾದ ವಿಳಾಸವೆಂಬಂತೆ ಪರೀಕ್ಷೆಯನ್ನು ದಾಟಿ ಹೋಗಿ, ಮುಂದೆಲ್ಲೋ ಕರ್ನೆಲ್ಲನ್ನೇ ಕುಸಿಯುವಂತೆ ಮಾಡುತ್ತದೆ.

ಆದ್ದರಿಂದ ಪ್ಯಾಚ್ ಓದುವಾಗ ಪ್ರತಿ ಫಂಕ್ಷನ್ ಏನನ್ನು ಹಿಂದಿರುಗಿಸುವುದಾಗಿ ಒಪ್ಪಿಕೊಂಡಿದೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಟಿಪಿಎಂ ಡ್ರೈವರ್‌ನಲ್ಲಿ ಆಜ್ಞೆ ಕಳುಹಿಸುವ ಫಂಕ್ಷನ್ ಸೊನ್ನೆಯನ್ನೋ, ಕರ್ನೆಲ್‌ನ ಋಣಸಂಖ್ಯೆಯನ್ನೋ, ಚಿಪ್‌ನ ಧನಸಂಖ್ಯೆಯನ್ನೋ ಕೊಡಬಲ್ಲದು. ಚಿಪ್‌ನ ಸಂಖ್ಯೆ ಚೆನ್ನಾಗಿ ಅರ್ಥವಾಗುವ ಕೊನೆಯ ಜಾಗದಲ್ಲಿ, ಒಮ್ಮೆ ಮಾತ್ರ, ಅನುವಾದ ನಡೆಯಬೇಕು. ಅನುವಾದಕ್ಕೆ ಮೊದಲು ಅದನ್ನು ಬಿಡಿಸಿ ನೋಡುವುದೂ ಅಗತ್ಯ. ಉದಾಹರಣೆಗೆ ಹೆಕ್ಸ್ 98ಇ (98E) ಎಂಬುದರ ಮೂಲ ದೋಷ 8ಇ, ಅಂದರೆ ದೃಢೀಕರಣ ವಿಫಲ. ಆರಂಭದ 9 ಅಂಕಿ, ಆಜ್ಞೆಯೊಡನೆ ಕಳುಹಿಸಿದ ಮೊದಲ ಸೆಷನ್‌ನಲ್ಲಿ (ಚಿಪ್‌ನೊಡನೆ ತೆರೆದ ದೃಢೀಕರಣದ ಸಂಪರ್ಕ) ಅದು ನಡೆಯಿತೆಂದು ತಿಳಿಸುತ್ತದೆ. ಇಡೀ ಸಂಖ್ಯೆಯನ್ನು ನೇರವಾಗಿ 8ಇಗೆ ಹೋಲಿಸುವ ಸಾಲು ಕಂಡರೆ ಆ ಹೋಲಿಕೆ ಎಂದಿಗೂ ತಾಳೆಯಾಗುವುದಿಲ್ಲವೆಂದು ತಿಳಿಯಿರಿ.

ಧನಸಂಖ್ಯೆಗಳನ್ನೆಲ್ಲ ‘ಅನುಮತಿ ಇಲ್ಲ’ ಎಂಬ ಒಂದೇ ಬುಟ್ಟಿಗೆ ಹಾಕುವ ರೂಢಿ ಇದೆ, ಅದು ನನಗೆ ಸರಿಕಾಣುವುದಿಲ್ಲ. ಹೆಕ್ಸ್ 921 ಎಂದರೆ ತಪ್ಪು ಗುಪ್ತಪದಗಳು ಹೆಚ್ಚಾಗಿ ಚಿಪ್ ತನ್ನನ್ನು ತಾನೇ ಬೀಗ ಹಾಕಿಕೊಂಡಿದೆ ಎಂದು. ಅದನ್ನರಿಯದ ಬಳಕೆದಾರರು ಸರಿಯಾದ ಗುಪ್ತಪದವನ್ನೇ ಮತ್ತೆ ಮತ್ತೆ ಕೊಟ್ಟು ಕಂಗೆಡುತ್ತಾರೆ. ಹೆಕ್ಸ್ 903 ಚಿಪ್‌ನೊಳಗೆ ಸೆಷನ್‌ಗೆ ಜಾಗವಿಲ್ಲವೆಂದು ಹೇಳುತ್ತದೆ, ಆದ್ದರಿಂದ ಅದು ಋಣ 12 ಆಗುವುದು ನ್ಯಾಯ. ಕನಿಷ್ಠ ಪಕ್ಷ ಅನುವಾದಕ್ಕೆ ಮುನ್ನ ಮೂಲ ಸಂಖ್ಯೆ ಲಾಗ್‌ನಲ್ಲಿ ದಾಖಲಾಗಲಿ. ಹೆಕ್ಸ್ 922ರ ಬಗ್ಗೆ ನಿಮ್ಮ ಪ್ಯಾಚ್ ಹೆಚ್ಚು ಮಾಡಬೇಕಿಲ್ಲ: ಕೆಳಗಿನ ಪದರವೇ 20 ಮಿಲಿಸೆಕೆಂಡಿನಿಂದ ಆರಂಭಿಸಿ, ಪ್ರತಿ ಸಲ ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ ಮರುಪ್ರಯತ್ನಿಸುತ್ತದೆ.

ಸಹೋದ್ಯೋಗಿಗೆ ಉತ್ತರ ಬರೆಯುವ ಮುನ್ನ ಎಸ್‌ಡಬ್ಲ್ಯುಟಿಪಿಎಂ ಎಂಬ ತಂತ್ರಾಂಶ ರೂಪದ ಚಿಪ್ಪನ್ನು ವರ್ಚುವಲ್ ಯಂತ್ರಕ್ಕೆ ಜೋಡಿಸಿ, ಬೇಕೆಂದೇ ತಪ್ಪು ಗುಪ್ತಪದ ಕೊಟ್ಟು ನೋಡಿ. ಬೀಗ ಬಿದ್ದಾಗ ಅವರ ಪ್ಯಾಚ್ ಕೊಡುವ ಋಣ 2337 ಎಂಬ ಸಂಖ್ಯೆಯನ್ನು ಹಾಗೆಯೇ ನಕಲು ಮಾಡಿ ನಿಮ್ಮ ಆಕ್ಷೇಪದ ಮೊದಲ ಸಾಲಿನಲ್ಲಿಡಿ.