‘ದೇವರು ಮಾತಾಡ್ತಿಲ್ಲ’ ಅಂದ ಸೊಸೆ, ಹೊರಗೆ ಕೂತಿದ್ದ ಅತ್ತೆ

ದೇವರ ಹೆಸರಲ್ಲಿ ಹಣ ಕೇಳುವ ಇಂಥ ಪ್ರಕರಣ ಈ ವರ್ಷ ನನ್ನ ಬಳಿ ಬಂದಿದ್ದು ಇದು ನಾಲ್ಕನೆಯದು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಬುರಗಿಯಲ್ಲಿ ಆಪ್ತಸಲಹೆ ಕೊಡುತ್ತೇನೆ, ಬರುವವರಲ್ಲಿ ಬೀದರ್, ಯಾದಗಿರಿ ಕಡೆಯ ಕ್ರೈಸ್ತ ಕುಟುಂಬಗಳೇ ಜಾಸ್ತಿ. ಗುರುತು ಸಿಗದಂತೆ ಒಂದಿಷ್ಟು ವಿವರ ಬದಲಿಸಿದ್ದೇನೆ.

ಹೆಂಗಸಿಗೆ 35ರ ಆಸುಪಾಸು, ಯಾದಗಿರಿ ಜಿಲ್ಲೆ. ಗಂಡನಿಗೆ ಕುಡಿತ. ಅತ್ತೆ ಹಳೆ ಮೆಥೋಡಿಸ್ಟ್ ಚರ್ಚಿನವರು, ಇವರು 3 ವರ್ಷದಿಂದ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಅಲ್ಲಿಗೆ ಬಂದ ಪರಊರಿನ ಬೋಧಕರೊಬ್ಬರು, ಗಂಡ ಕುಡಿತ ಬಿಡಬೇಕಾದರೆ 21 ಸಾವಿರ ‘ಬೀಜ’ ಬಿತ್ತು, ಅಂದರೆ ಕಾಣಿಕೆ ಕೊಡು, ಇದು ದೇವರು ಹೇಳಿದ ಮಾತು ಅಂದರಂತೆ. ಇವರು ಸಂಘದಲ್ಲಿ ಸಾಲ ಎತ್ತಿ ಕೊಟ್ಟರು. ಕುಡಿತ ನಿಲ್ಲಲಿಲ್ಲ. ನಿನ್ನ ನಂಬಿಕೆ ಸಾಲದು, ಇನ್ನೊಮ್ಮೆ ಬಿತ್ತು ಅಂತ ಮತ್ತೆ ಹೇಳಿ ಕಳಿಸಿದರು.

ಎರಡನೇ ಸಲ ಬಂದಾಗ ಅವರ ದುಃಖ ಸಾಲದ್ದಾಗಿರಲಿಲ್ಲ. “ಎಲ್ಲರ ಸಂಗಟ ದೇವರು ಮಾತಾಡ್ತಾನ, ನನ್ನ ಸಂಗಟ ಯಾಕ ಮಾತಾಡವಲ್ಲ ಮೇಡಮ್?” ಅಂತ ಅತ್ತರು. ಯಾವುದೋ ವಚನ ತೋರಿಸೋಣ ಅಂತ ಬೈಬಲ್ ತೆರೆದರು, ಒಳಗಿಂದ ಕಂತಿನ ಕಾರ್ಡು ಜಾರಿ ಬಿತ್ತು. ಮಡಿಕೆ ಹರಿದು, ಎಣ್ಣೆ ಕಲೆಯಾಗಿದ್ದ ಕಾರ್ಡು. ಪ್ರತಿ ವಾರದ ಮುಂದೆ ಒಂದು ಸಹಿ, ಕೊನೆಯ ಎರಡು ವಾರ ಖಾಲಿ.

ನಾನು ಕಾರ್ಡಿನ ಬಗ್ಗೆ ಏನೂ ಕೇಳಲಿಲ್ಲ. ಸುಮ್ನೆ ಒಂದು ಪ್ರಶ್ನೆ ಹಾಕಿದೆ: “ಈ ಮೂರು ತಿಂಗಳಲ್ಲಿ ಯಾರ ಮಾತಿಗೆ ನಿಮಗೆ ಸಿಕ್ಕಾಪಟ್ಟೆ ಸಿಟ್ಟು ಬಂತು?”

ಬಹಳ ಹೊತ್ತು ಮಾತಿಲ್ಲ. ಆಮೇಲೆ ಬಾಗಿಲ ಕಡೆ ನೋಡಿದರು. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು, ತೊಡೆಯ ಮೇಲೆ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಸಾಲ ಎತ್ತುವ ಹಿಂದಿನ ದಿನ ರೊಟ್ಟಿ ಬಡಿಯುತ್ತಾ ಆಕೆ ಅಂದಿದ್ದರಂತೆ: “ಯೇಸಪ್ಪಗ ಕೊಡ್ಲಿಕ್ಕ ಸಾಲ ಯಾಕ ಬೇಕವ್ವಾ? ಅಂವ ಏನ್ ವಾರಕ್ಕೊಮ್ಮೆ ಕಂತು ಕೇಳ್ತಾನೇನು?” ಅದಕ್ಕೆ ಸೊಸೆ, “ಓದಲಿಕ್ಕೆ ಬರಲ್ಲ, ನಿಮಗ ಆತ್ಮದ ಮಾತು ಏನ್ ತಿಳೀತದ” ಅಂದುಬಿಟ್ಟಿದ್ದರು. ಇದನ್ನು ಹೇಳುವಾಗ ಅವರ ದನಿ ಅರ್ಧಕ್ಕೇ ನಿಂತಿತು. ನಾನೂ ಏನೂ ಸೇರಿಸಲಿಲ್ಲ.

ಆಮೇಲೆ ನಾಮಾನನ ಕಥೆಗೆ ಬಂದೆವು. ಬೈಬಲಿನ 2 ಅರಸುಗಳು 5ನೇ ಅಧ್ಯಾಯ, ಅವರಿಗೂ ಗೊತ್ತಿದ್ದದ್ದೇ. ಕುಷ್ಠದ ಆ ಸೇನಾಪತಿಗೆ ಮೊದಲ ದಾರಿ ತೋರಿಸಿದವಳು ಸೆರೆಯಾಗಿ ತಂದ ಒಬ್ಬ ಚಿಕ್ಕ ಹುಡುಗಿ, ಅವಳ ಹೆಸರನ್ನೂ ಬರೆದಿಲ್ಲ. ಯೊರ್ದನ್ ನದಿಯಲ್ಲಿ 7 ಸಲ ಮುಳುಗು ಅಂತ ಪ್ರವಾದಿ ಎಲೀಷ ಹೇಳಿಕಳಿಸಿದಾಗ ಅವನು ಸಿಟ್ಟಾಗಿ ಹೊರಟೇಬಿಟ್ಟಿದ್ದ, ತಿರುಗಿಸಿದ್ದು ಆಳುಗಳು. ಅವನು ತಂದಿದ್ದು 10 ತಲಾಂತು ಬೆಳ್ಳಿ, 6,000 ಚಿನ್ನದ ನಾಣ್ಯ, 10 ಜೊತೆ ಬಟ್ಟೆ. ಎಲೀಷ ಒಂದನ್ನೂ ಮುಟ್ಟಲಿಲ್ಲ. ಹಿಂದೆ ಓಡಿಹೋಗಿ ಇಸಿದುಕೊಂಡವನು ಎಲೀಷನ ಸೇವಕ ಗೇಹಜಿ, ಕೊನೆಗೆ ಕುಷ್ಠವೂ ಅವನಿಗೇ ಅಂಟಿತು. “ಈಗ ಹೇಳಿ, ನಿಮ್ಮ ಮನೆಗೆ ಬಂದವರಲ್ಲಿ ಯಾರು ಯಾರ ಥರ?” ಅಂದೆ.

ಇದಕ್ಕೆ ಕೂಟದ ಹಿರಿಯರೊಬ್ಬರು ಫೋನ್ ಮಾಡಿ, ಪ್ರವಾದನೆಯನ್ನು ಹೀನೈಸಬೇಡಿ ಅಂತ ಪೌಲನೇ ಬರೆದಿದ್ದಾನೆ ಅಂದರು. ಹೌದು, ಬರೆದಿದ್ದಾನೆ. ಅದರ ಮುಂದಿನ ಮಾತೇ ಎಲ್ಲವನ್ನೂ ಪರೀಕ್ಷಿಸಿ ಅನ್ನೋದು, ಅದನ್ನು ಯಾಕೆ ಬಿಡ್ತೀರಿ? ಕಾಣಿಕೆ ಬೇಡ ಅಂತ ನಾನು ಹೇಳಿಲ್ಲ. ದೇವರ ಹೆಸರಲ್ಲಿ ಮೊತ್ತ ಹೇಳಿ ಹಣ ಕೇಳಿದರೆ ನಿಂತು ಯೋಚಿಸಿ ಅಂದೆ. ಆದಿ ಸಭೆಯವರ ಕೈಪಿಡಿಯಾದ ದಿದಾಖೆ ಇನ್ನೂ ಖಡಕ್ಕು, ತನಗಾಗಿ ಹಣ ಕೇಳುವವನು ಸುಳ್ಳು ಪ್ರವಾದಿ ಅಂತಲೇ ಹೇಳುತ್ತದೆ.

ಆದರೆ ಸಿಟ್ಟು ತರಿಸಿದವರೆಲ್ಲ ದೇವರ ದೂತರೂ ಅಲ್ಲ. ಇದನ್ನು ತಪ್ಪು ಮಾಡಿ ಕಲಿತೆ. ಕೆಲವು ವರ್ಷದ ಹಿಂದೆ ಬೀದರ್ ಕಡೆಯ ಹುಡುಗನೊಬ್ಬನಿಗೆ ಹಿರಿಯರ ಮಾತಿಗೆ ಕಿವಿಗೊಡು ಅಂದಿದ್ದೆ, ಅವನು ‘ದೇವರು ಹೇಳ್ಯಾನ’ ಅಂದ ದೊಡ್ಡಪ್ಪನ ಮಾತು ಕೇಳಿ ನರ್ಸಿಂಗ್ ಓದು ಬಿಟ್ಟ. ದೊಡ್ಡಪ್ಪನಿಗೆ ಬೇಕಿದ್ದದ್ದು ಅಂಗಡಿಗೆ ಒಬ್ಬ ಆಳು. ಬೈಬಲಿನಲ್ಲಿ ಬೇತೇಲಿನ ಮುದಿ ಪ್ರವಾದಿಯೂ ದೇವದೂತನ ಹೆಸರು ಹೇಳಿ ಸುಳ್ಳಾಡಿದ, ಅಲ್ಲಿ ಉಣ್ಣಬೇಡ ಅಂತ ದೇವರ ಅಪ್ಪಣೆ ಇದ್ದರೂ ಅವನನ್ನು ನಂಬಿ ಅವನ ಮನೆಯಲ್ಲಿ ಉಂಡ ಇನ್ನೊಬ್ಬ ಪ್ರವಾದಿಯನ್ನು ದಾರಿಯಲ್ಲಿ ಸಿಂಹ ಕೊಂದಿತು. ಅದಕ್ಕೇ ಈಗ ಯಾರೇ ಬಂದರೂ ಮೊದಲು ಕೇಳೋದು: ಆ ಮಾತಿನಿಂದ ಹೇಳಿದವರಿಗೆ ಏನು ಸಿಗುತ್ತೆ? ಅತ್ತೆಗೆ ಸಿಕ್ಕಿದ್ದು ಸೊಸೆಯ ಬೈಗುಳ, ಅಷ್ಟೇ.

ಕೊಟ್ಟ ಸಲಹೆ ಸಣ್ಣದು. ಎರಡನೇ ‘ಬೀಜ’ ಬೇಡ. ಸಂಘದವರ ಹತ್ತಿರ ಹೋಗಿ ಕಂತು ಇಳಿಸಿಕೊಡಿ ಅಂತ ಕೇಳಿ, ಗದರಿಸಿದರೆ ಹೆದರಬೇಡಿ, ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ. ಗಂಡನ ಕುಡಿತಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪ್ರಾರ್ಥನೆ ಬಿಡಬೇಡಿ. ಮತ್ತೆ ಮನೆಗೆ ಹೋಗಿ ಅತ್ತೆಗೆ ಒಂದು ಮಾತು ಹೇಳಿ, ಏನು ಅಂತ ನಿಮಗೇ ಗೊತ್ತು.

ಮೂರನೇ ಸಲ ಅತ್ತೆಯೂ ಒಳಗೆ ಬಂದು ಕೂತರು. ಗಂಡ ಇನ್ನೂ ಕುಡಿಯುತ್ತಾನೆ, ಒಮ್ಮೆ ಆಸ್ಪತ್ರೆಗೆ ಮಾತ್ರ ಬಂದಿದ್ದ. ಹೊರಡುವಾಗ ಅತ್ತೆ ನನ್ನನ್ನೇ ನೋಡಿ, “ನೀವು ಎಷ್ಟ ತಗೋತೀರಿ ಅಕ್ಕೋರ?” ಅಂದರು. “ನನ್ನದು ಫೀಸು ಅಮ್ಮ, ದೇವರ ಹೆಸರಲ್ಲಿ ಕೇಳಲ್ಲ, 200” ಅಂದೆ. ಸೆರಗಿನ ಗಂಟು ಬಿಚ್ಚಿ, 20ರ ನೋಟುಗಳನ್ನು ಒಂದೊಂದಾಗಿ ಎಣಿಸಿ ಇಟ್ಟರು.