ಟೆಕ್ಸಾಸ್‌ನಲ್ಲಿ ಟ್ಯಾಕ್ಸ್ ಇಲ್ಲ ಅನ್ನೋ ಮಾತು

"ಇಲ್ಲಿನ ಕನ್ಸರ್ವೇಟಿವ್‌ಗಳು ಸಣ್ಣ ಸರ್ಕಾರ, ಕಡಿಮೆ ತೆರಿಗೆ ಅಂತಾರಲ್ಲ, ನಮ್ಮಂಥವರಿಗೆ ಅದರಿಂದ ಏನು ಸಿಗುತ್ತೆ? ಹೊಸ ಲೇಔಟ್‌ನಲ್ಲಿ ಮನೆ ತಗೊಳ್ಳಬಹುದಾ?" ಅಂತ ಕೇಳಿದ್ದೀರಿ. ನಾನು ಡಲ್ಲಾಸ್‌ಗೆ ಬಂದಿಳಿದಾಗಲೂ ಎಲ್ಲರ ಬಾಯಲ್ಲಿ ಇದೇ ಮಾತಿತ್ತು.

ಮಾತು ಸುಳ್ಳಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಸೊನ್ನೆ. 2019ರಲ್ಲಿ ಮತದಾರರು ರಾಜ್ಯದ ಸಂವಿಧಾನದಲ್ಲೇ ಅದಕ್ಕೆ ಬೀಗ ಹಾಕಿದರು. ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್, ಭತ್ಯೆ ಬೇರೆ. ವಿಧಾನಸೌಧ ನೋಡಿ ಬೆಳೆದವರು ನಂಬೋದು ಕಷ್ಟ! ಸಭೆ ಕೂತಷ್ಟೂ ಕಾನೂನು, ಕಾನೂನು ಹೆಚ್ಚಿದಷ್ಟೂ ಖರ್ಚು ಅನ್ನೋದು ಕನ್ಸರ್ವೇಟಿವ್‌ಗಳ ವಾದ. ನನಗೂ ಅರ್ಧ ಒಪ್ಪಿಗೆ. ಫೆಡರಲ್ ತೆರಿಗೆ ಮಾತ್ರ ಯಾರನ್ನೂ ಬಿಡೋದಿಲ್ಲ.

ಆದರೆ ಶಾಲೆಗೆ, ಪೊಲೀಸರಿಗೆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ದೊಡ್ಡ ಪಾಲು ಮನೆ-ಆಸ್ತಿ ಕಂದಾಯದಿಂದ ಬರುತ್ತೆ. ಏಪ್ರಿಲ್‌ನಲ್ಲಿ ರಿಯಾಯಿತಿ ಹಿಡಿದು ಕಟ್ಟಿ ಮರೆಯೋ ಬೆಂಗಳೂರಿನ ಕಂದಾಯದಂತಲ್ಲ. ಹೊಸ ಲೇಔಟ್‌ನಲ್ಲಿ ನೀರು-ಒಳಚರಂಡಿಯ ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ತೆರಿಗೆಯೂ ಸೇರಿದರೆ ಒಟ್ಟು ದರ ಶೇ. 2 ದಾಟೋದುಂಟು.

ಹೊಸ ಮನೆ ಕೊಂಡವರು ಸಿಕ್ಕಿಬೀಳೋದು ಎರಡನೇ ವರ್ಷದಲ್ಲಿ. ಜನವರಿ 1ರಂದು ಅಲ್ಲಿ ಬರೀ ಸೈಟ್ ಇದ್ದರೆ ಆ ವರ್ಷದ ಕಂದಾಯ ಸೈಟಿಗಷ್ಟೇ. 80,000 ಡಾಲರ್ ಸೈಟಿಗೆ ಶೇ. 2ರಂತೆ 1,600. ಸಾಲ ಕೊಟ್ಟವರು ಅದನ್ನೇ ಹಿಡಿದು ಎಸ್ಕ್ರೋಗೆ (ಕಂದಾಯ ಕಟ್ಟೋಕೆ ಅವರೇ ಇಟ್ಟುಕೊಳ್ಳೋ ಖಾತೆ) ತಿಂಗಳಿಗೆ 133 ಡಾಲರ್ ತಗೋತಾರೆ. ಮುಂದಿನ ವರ್ಷ ಮನೆ ಸೇರಿ ಬೆಲೆ 4 ಲಕ್ಷ, ಕಂದಾಯ 8,000. ಕೊರತೆ ಬಿದ್ದ 6,400ನ್ನು 12 ಕಂತಿಗೆ ಹಂಚಿ, ಹೊಸ ದರವನ್ನೂ ಸೇರಿಸಿದರೆ ತಿಂಗಳ ಕಂತು ಸುಮಾರು 1,067 ಡಾಲರ್ ಏರುತ್ತೆ. ಹಾಗಾಗಿ ಮೊದಲ ತಿಂಗಳಿಂದಲೇ ಪೂರ್ತಿ ಬೆಲೆಯ ಕಂದಾಯ ಲೆಕ್ಕ ಹಾಕಿ, ವ್ಯತ್ಯಾಸ ಬೇರೆ ಖಾತೆಯಲ್ಲಿಡಿ.

ವಾಸಕ್ಕೆ ಬಂದ ಕೂಡಲೇ ಡ್ರೈವಿಂಗ್ ಲೈಸೆನ್ಸ್ ವಿಳಾಸ ಬದಲಿಸಿ, ಮನೆಗೆ ಬೆಲೆ ಕಟ್ಟೋ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಯ ವಿನಾಯಿತಿ) ಅರ್ಜಿ ಹಾಕಿ. 2025ರಿಂದ ಶಾಲಾ ತೆರಿಗೆಯಲ್ಲಿ 1,40,000 ಡಾಲರ್ ಬೆಲೆಗೆ ವಿನಾಯಿತಿ (ಮೇಲಿನ ಲೆಕ್ಕದಲ್ಲಿ ಇದನ್ನು ಹಿಡಿದಿಲ್ಲ). ಅರ್ಜಿ ಉಚಿತ, ದುಡ್ಡು ಕೇಳುವ ಪತ್ರ ಬಂದರೆ ಹರಿದುಹಾಕಿ. ಬೆಲೆ ಜಾಸ್ತಿ ಹಾಕಿದ್ದಾರೆ ಅನಿಸಿದರೆ ಮೇ 15ರೊಳಗೆ, ಇಲ್ಲವೇ ನೋಟಿಸ್ ಕಳಿಸಿದ 30 ದಿನದೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರೊಟೆಸ್ಟ್ (ಆಕ್ಷೇಪಣೆ) ಹಾಕಿ. ಅಕ್ಕಪಕ್ಕದ ಮನೆಗಳ ಮಾರಾಟ ದರ, ಗೋಡೆ ಬಿರುಕಿನ ಫೋಟೋ, ರಿಪೇರಿ ಅಂದಾಜು ಕೈಲಿರಲಿ. ಬರೀ ಬಾಯಿ ಮಾತಿಗೆ ಅಲ್ಲಿ ಬೆಲೆಯಿಲ್ಲ.

ರಕ್ಷಣೆಯ ವಿಷಯಕ್ಕೆ ಬಂದರೆ ಇದೇ ಕನ್ಸರ್ವೇಟಿವ್‌ಗಳಿಗೆ ಖರ್ಚು ದೊಡ್ಡದಾಗೇ ಇರಬೇಕು. ಎಫ್-35 ಯುದ್ಧವಿಮಾನದ ಜೋಡಣೆ ಆಗೋದು ಪಕ್ಕದ ಫೋರ್ಟ್ ವರ್ತ್‌ನಲ್ಲೇ. ಆದರೆ ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಆ ಕೆಲಸಗಳ ಆಸೆ ಬೇಡ. ಅವಕ್ಕೆ ಬೇಕಾದ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ (ಗುಪ್ತ ಮಾಹಿತಿ ನೋಡೋ ಸರ್ಕಾರಿ ಅನುಮತಿ) ಪೌರತ್ವವೇ ಬೇಕು.

ಇನ್ನು ಅಪ್ಪ-ಅಮ್ಮ. ಗ್ರೀನ್ ಕಾರ್ಡ್ ಬಂದರೂ, ಇಲ್ಲಿ ದುಡಿದ ಲೆಕ್ಕವಿಲ್ಲದ ಹಿರಿಯರು ದುಡ್ಡು ಕೊಟ್ಟು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸೇರೋಕೂ 65 ತುಂಬಿ, 5 ವರ್ಷ ಇಲ್ಲೇ ವಾಸ ಇರಬೇಕು. ಅವರನ್ನು ಇಲ್ಲೇ ಉಳಿಸಿಕೊಳ್ಳೋ ಆಸೆ ಎಷ್ಟೋ ಮನೆಗಳಲ್ಲಿ ಮುರಿಯೋದು ಈ ಲೆಕ್ಕದಿಂದಲೇ. ಬರೀ ಭೇಟಿಗೆ ಕರೆಸೋದಾದರೂ, ಮುಂಚೆಯೇ ವಿಸಿಟರ್ ವಿಮೆಯಲ್ಲಿ ಬಿಪಿ, ಶುಗರ್ ಬಗ್ಗೆ ಏನು ಬರೆದಿದೆ ಅಂತ ಪೂರ್ತಿ ಓದಿ.